ಕಾಲು, ಕಿಡಿ, ಮಾತು, ಅಲೆ: ಫ್ಲ್ಯಾಶ್ ಟ್ರಿಗರ್ ಆಯ್ಕೆಯ ತಕರಾರು

ಹಾಸನದ ಕಡೆಯ ಒಂದು ಕಲ್ಯಾಣ ಮಂಟಪ. ಧಾರೆಗೆ ಇನ್ನೂ ಕಾಲು ಗಂಟೆ ಇತ್ತು. ಮಂಟಪದ ಎಡಕ್ಕೊಂದು ಬಲಕ್ಕೊಂದು ಸ್ಟ್ಯಾಂಡ್ ನಿಲ್ಲಿಸಿ, ಬಿಳಿ ಛತ್ರಿ ಬಿಚ್ಚಿ, ಫ್ಲ್ಯಾಶ್ ಕಟ್ಟಿಯಾಗಿತ್ತು. ಕ್ಯಾಮೆರಾ ಕೆಳಗಿಟ್ಟು ನೀರು ಕುಡಿಯುತ್ತಿದ್ದೆ. ಲೈಟ್ ಹಿಡಿಯುವ ಹುಡುಗ ಓಡಿ ಬಂದ. ‘ಅಣ್ಣಾ, ನೀವು ಕ್ಲಿಕ್ಕೇ ಮಾಡಿಲ್ಲ, ನಮ್ ಫ್ಲ್ಯಾಶ್ ತಾನಾಗೇ ಹೊಡೀತಾ ಇದೆ!’

ಹೋಗಿ ನೋಡಿದರೆ ಗಂಡಿನ ಕಡೆಯವರು ಕರೆಸಿದ್ದ ಫೋಟೋಗ್ರಾಫರ್ ಊಟದ ಹಾಲಿನ ಬಾಗಿಲಲ್ಲಿ ನೆಂಟರನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದರು. ಅವರ ಟ್ರಿಗರೂ ನಮ್ಮದೂ ಒಂದೇ ಕಂಪನಿಯದು. ಎರಡೂ ಡಬ್ಬಿಯಿಂದ ತೆಗೆದ ದಿನ ಹೇಗಿದ್ದವೋ ಹಾಗೇ, ಒಂದನೇ ಚಾನೆಲ್‌ನಲ್ಲೇ ಕೂತಿದ್ದವು. ಅವರು ಬಟನ್ ಒತ್ತಿದಾಗಲೆಲ್ಲ ನಮ್ಮ ಎರಡೂ ಫ್ಲ್ಯಾಶ್ ಹೊಡೆಯುತ್ತಿದ್ದವು. ವಿಷಯ ಗೊತ್ತಾಗಿ ಚಾನೆಲ್ ಬದಲಿಸುವ ಹೊತ್ತಿಗೆ ಗಟ್ಟಿಮೇಳ ಶುರುವಾಗಿತ್ತು, ಸೆಲ್ಲುಗಳು ಬಿಸಿಯಾಗಿ ಸೋತಿದ್ದವು. ಧಾರೆಯ ಮೊದಲ ಮೂರು ಚಿತ್ರ ಕತ್ತಲು.

ನನಗೆ ನಗು ಬಂದದ್ದು ಆಮೇಲೆ. ಅದಕ್ಕೆ ಹದಿನೈದು ವರ್ಷ ಮುಂಚೆ ನಮ್ಮ ಗೋಳು ತದ್ವಿರುದ್ಧವಾಗಿತ್ತು. ಆಗ ಎಷ್ಟು ಒತ್ತಿದರೂ ಫ್ಲ್ಯಾಶ್ ಹೊಡೆಯುತ್ತಿರಲಿಲ್ಲ. ಅಂದು ಹೊಂದಾಣಿಕೆ ಇಲ್ಲದೆ ಕೆಟ್ಟೆವು, ಇಂದು ಹೊಂದಾಣಿಕೆ ಹೆಚ್ಚಾಗಿ ಕೆಟ್ಟೆವು.

‘ನನ್ನ ಕ್ಯಾಮೆರಾಗೆ ಯಾವ ಟ್ರಿಗರ್ ಆಗುತ್ತದೆ?’ ಎಂದು ಕೇಳುವವರಿಗೆ ಅಂಗಡಿಯವರು ಒಂದು ಮಾಡೆಲ್ ಹೆಸರು ಹೇಳಿ ಕಳಿಸುತ್ತಾರೆ. ಆದರೆ ಆ ಒಂದು ಪ್ರಶ್ನೆಯ ಒಳಗೆ ನಾಲ್ಕು ಪ್ರಶ್ನೆಗಳಿವೆ. ನಾಲ್ಕಕ್ಕೂ ಫೋಟೋಗ್ರಾಫರುಗಳಲ್ಲೇ ಬೇರೆ ಬೇರೆ ಪಂಥಗಳು ಬೇರೆ ಬೇರೆ ಉತ್ತರ ಕೊಡುತ್ತವೆ. ಆ ನಕ್ಷೆಯನ್ನು ಒಮ್ಮೆ ಪೂರ್ತಿಯಾಗಿ ಬಿಡಿಸಿ ನೋಡುವುದು ಈ ಲೇಖನದ ಕೆಲಸ.

ತಂತಿಯಿಂದ ಅಲೆಯವರೆಗೆ

ಫ್ಲ್ಯಾಶನ್ನು ಕ್ಯಾಮೆರಾದಿಂದ ದೂರ ಇಡಬೇಕೆಂಬ ಆಸೆ ಹೊಸದೇನಲ್ಲ. ಲೆನ್ಸಿನ ತಲೆಯ ಮೇಲಿಂದಲೇ ನೇರ ಬಿದ್ದ ಬೆಳಕು ಮುಖವನ್ನು ರೊಟ್ಟಿಯ ಹಾಗೆ ಚಪ್ಪಟೆ ಮಾಡುತ್ತದೆ. ಅದೇ ಬೆಳಕು ಪಕ್ಕದಿಂದ ಬಂದರೆ ಮೂಗಿಗೊಂದು ನೆರಳು, ಕೆನ್ನೆಗೊಂದು ತುಂಬು, ಸೀರೆಯ ಜರಿಗೊಂದು ಮಿನುಗು. ಕಷ್ಟವಿದ್ದದ್ದು ಕಾಲದ ಲೆಕ್ಕದಲ್ಲಿ. ಶಟರ್ ತೆರೆದಿರುವ ಚೂರು ಹೊತ್ತಿನಲ್ಲೇ ದೂರದ ದೀಪ ಹೊತ್ತಿ ಆರಬೇಕು.

ಬಲ್ಬಿನ ಕಾಲದಲ್ಲಿ ದೀಪವೇ ನಿಧಾನಿ. ಬೆಳಕು ತುತ್ತತುದಿ ಮುಟ್ಟಲು ಸುಮಾರು 20 ಮಿಲಿಸೆಕೆಂಡ್ ಬೇಕಿತ್ತು, ಶಟರ್ ಅದಕ್ಕಾಗಿ ಕಾಯಬೇಕಿತ್ತು. ಹಳೆಯ ಕ್ಯಾಮೆರಾಗಳ ಮೇಲಿನ ‘ಎಂ’ ಗುರುತು ಆ ಕಾಯುವಿಕೆಯದು. ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಪಳಗಿಸಿದ ಮೇಲೆ ಬೆಳಕು ಕ್ಷಣದೊಳಗೆ ಬಂದು ಹೋಗುವಂತಾಯಿತು. ಅದಕ್ಕೆ ಕಾಯದ ‘ಎಕ್ಸ್’ ಗುರುತು ಬಂತು. ಎರಡು ತುದಿಗಳನ್ನು ಕಟ್ಟಿದ್ದು ಮಾತ್ರ ಇನ್ನೂ ತಂತಿಯೇ. ಇವತ್ತಿಗೂ ದೊಡ್ಡ ಕ್ಯಾಮೆರಾಗಳ ಪಕ್ಕದಲ್ಲಿ ಕಾಣುವ ದುಂಡನೆಯ ‘ಪಿಸಿ’ ತೂತಿಗೂ ಕಂಪ್ಯೂಟರಿಗೂ ಸಂಬಂಧವಿಲ್ಲ. ಪ್ರಾಂಟರ್ ಮತ್ತು ಕಾಂಪುರ್ ಎಂಬ ಎರಡು ಜರ್ಮನ್ ಶಟರ್‌ಗಳ ಮೊದಲಕ್ಷರ ಅದು.

ಆಮೇಲೆ ಕ್ಯಾಮೆರಾದ ತಲೆಯ ಮೇಲೆ ಹಾಟ್ ಶೂ ಬಂತು. ಲೋಹದ ಎರಡು ಹಳಿ, ನಡುವೆ ಒಂದು ಪಿನ್. ಅದರ ಅಳತೆಗೆ ಐಎಸ್‌ಒ 518 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ನಡುವಿನ ಪಿನ್ನಿನ ವಿದ್ಯುತ್ತಿಗೆ ಐಎಸ್‌ಒ 10330 ಇದೆ. ಫ್ಲ್ಯಾಶ್ ಲೋಕ ಎಲ್ಲರೂ ಒಪ್ಪಿದ ಒಂದೇ ಭಾಷೆ ಮಾತಾಡಿದ್ದು ಇಷ್ಟರ ಮಟ್ಟಿಗೆ, ‘ಹೊಡಿ’ ಎಂಬ ಒಂದು ಪದ.

ಒಡಕು ಬಂದದ್ದು ಕ್ಯಾಮೆರಾ ಬುದ್ಧಿವಂತನಾದಾಗ. 1975ರ ಒಲಿಂಪಸ್ ಒಎಂ-2, ಫಿಲ್ಮಿನ ಮೇಲೆ ಬಿದ್ದ ಬೆಳಕನ್ನು ಲೆನ್ಸಿನ ಒಳಗಿಂದಲೇ ಅಳೆದು ‘ಸಾಕು, ನಿಲ್ಲಿಸು’ ಎಂದು ಫ್ಲ್ಯಾಶಿಗೆ ಹೇಳಿತು. ಟಿಟಿಎಲ್ ಎಂದರೆ ಇದೇ. ಎರಡನೇ ಪದ ಬೇಕಾದಾಗ ಎರಡನೇ ಪಿನ್ ಬೇಕಾಯಿತು, ಆಮೇಲೆ ಮೂರನೆಯದು, ನಾಲ್ಕನೆಯದು. ಯಾವ ಪಿನ್ ಎಲ್ಲಿರಬೇಕು, ಅದರಲ್ಲಿ ಏನು ಮಾತಾಡಬೇಕು ಎಂಬುದನ್ನು ಪ್ರತಿ ಕಂಪನಿಯೂ ತನ್ನ ಮನೆಯೊಳಗೆ ಗುಟ್ಟಾಗಿ ತೀರ್ಮಾನಿಸಿಕೊಂಡಿತು. 1995ರಲ್ಲಿ ಕ್ಯಾನನ್ ತಂದ ಇ-ಟಿಟಿಎಲ್‌ನಲ್ಲಿ ನಿಜವಾದ ಫ್ಲ್ಯಾಶಿಗೆ ಮುಂಚೆ ಒಂದು ಪುಟ್ಟ ಮುನ್‌ಫ್ಲ್ಯಾಶ್ ಹೊಡೆದು, ಅಳೆದು, ಅಂಕಿಯಲ್ಲಿ ಆಜ್ಞೆ ಕಳಿಸುವ ಕ್ರಮವಿತ್ತು. ಅಲ್ಲಿಗೆ ಸಂಭಾಷಣೆ ಪೂರ್ತಿ ಡಿಜಿಟಲ್ ಆಯಿತು, ಪೂರ್ತಿ ಖಾಸಗಿಯೂ ಆಯಿತು.

ತಂತಿ ಬಿಟ್ಟು ಮಾತಾಡುವ ಮೊದಲ ದಾರಿ ಬೆಳಕೇ. ಕ್ಯಾನನ್ 1998ರ 550ಇಎಕ್ಸ್‌ನಲ್ಲಿ, ನಿಕಾನ್ 2003ರ ಎಸ್‌ಬಿ-800ರಲ್ಲಿ, ಕಣ್ಣಿಗೆ ಗೊತ್ತಾಗದಷ್ಟು ವೇಗದ ಮಿಣುಕುಗಳಲ್ಲಿ ದೂರದ ಫ್ಲ್ಯಾಶಿಗೆ ಸಂದೇಶ ಕಳಿಸುವ ಏರ್ಪಾಡು ಮಾಡಿದವು. ಕೋಣೆಯೊಳಗೆ ಅದು ಚೆನ್ನಾಗಿಯೇ ನಡೆಯಿತು. ಬಿಸಿಲಲ್ಲಿ, ಕಂಬದ ಮರೆಯಲ್ಲಿ, ಛತ್ರಿಯ ಹಿಂದೆ ಸೋತಿತು.

ಎರಡನೇ ದಾರಿ ರೇಡಿಯೊ. ಅಮೆರಿಕದ ಪಾಕೆಟ್‌ವಿಜಾರ್ಡ್ 1990ರ ದಶಕದಿಂದಲೇ ವೃತ್ತಿಪರರ ಕೈಯಲ್ಲಿತ್ತು, ಸಾಮಾನ್ಯರಿಗೆ ಎಟುಕುವ ಬೆಲೆಯದಲ್ಲ. 2006ರಲ್ಲಿ, ಆಗ ‘ಬಾಲ್ಟಿಮೋರ್ ಸನ್’ ಪತ್ರಿಕೆಯ ಛಾಯಾಗ್ರಾಹಕರಾಗಿದ್ದ ಡೇವಿಡ್ ಹಾಬಿ ‘ಸ್ಟ್ರೋಬಿಸ್ಟ್’ ಹೆಸರಿನಲ್ಲಿ ಚಿಕ್ಕ ಫ್ಲ್ಯಾಶುಗಳನ್ನು ದೂರವಿಟ್ಟು ಬಳಸುವ ಪಾಠ ಶುರುಮಾಡಿದರು. ಹಳೆಯ ಫ್ಲ್ಯಾಶ್, ಒಂದು ಛತ್ರಿ, ಒಂದು ಟ್ರಿಗರ್ ಸಾಕು ಎಂಬ ಮಾತು ಲೋಕವೆಲ್ಲ ಹಬ್ಬಿತು. ಆ ಹಸಿವಿಗೆ ಹಾಂಕಾಂಗ್ ಮತ್ತು ಚೀನಾದ ಅಗ್ಗದ ಟ್ರಿಗರ್‌ಗಳು ಅನ್ನ ಹಾಕಿದವು. 2012ರಲ್ಲಿ ಕ್ಯಾನನ್ ಕೂಡ 600ಇಎಕ್ಸ್-ಆರ್‌ಟಿ ಫ್ಲ್ಯಾಶಿನ ಹೊಟ್ಟೆಯೊಳಗೇ ರೇಡಿಯೊ ಕೂರಿಸಿತು, ನಿಕಾನ್ 2016ರ ಎಸ್‌ಬಿ-5000ದಲ್ಲಿ ಅದೇ ದಾರಿ ಹಿಡಿಯಿತು. ಅಷ್ಟರಲ್ಲಿ ಚೀನಾದ ಗೊಡಾಕ್ಸ್ ಎಲ್ಲ ಕ್ಯಾಮೆರಾಗಳಿಗೂ ಸಲ್ಲುವ ತನ್ನದೇ ರೇಡಿಯೊ ಕುಟುಂಬ ಕಟ್ಟತೊಡಗಿತ್ತು.

ಹೊಂದಾಣಿಕೆಯ ನಾಲ್ಕು ಮೆಟ್ಟಿಲು

ಈ ಇತಿಹಾಸದ ಪದರಗಳೇ ಇವತ್ತಿನ ಹೊಂದಾಣಿಕೆಯ ಮೆಟ್ಟಿಲುಗಳು. ಒಂದನ್ನು ಹತ್ತಿದ ಮಾತ್ರಕ್ಕೆ ಮುಂದಿನದು ತಾನಾಗಿ ದಕ್ಕುವುದಿಲ್ಲ.

ಮೊದಲನೆಯದು ಕಾಲು. ಟ್ರಿಗರಿನ ಅಡಿಭಾಗ ಕ್ಯಾಮೆರಾದ ಶೂಗೆ ಹೊಗಬೇಕು. ಇದು ಸುಲಭದ ಮೆಟ್ಟಿಲು ಅನ್ನಿಸುತ್ತದೆ. ಆದರೆ ಮಿನೋಲ್ಟಾ 1988ರಲ್ಲಿ ತನ್ನದೇ ಆಕಾರದ ಶೂ ತಂದಿತ್ತು. ಮಿನೋಲ್ಟಾದ ಕ್ಯಾಮೆರಾ ವ್ಯವಹಾರ ಸೋನಿಗೆ ಬಂದಾಗ ಆ ಶೂ ಕೂಡ ಬಂತು. 2012ರಲ್ಲಿ ಸೋನಿ ಅದನ್ನು ಬಿಟ್ಟು ಹೊಸ ಶೂ ಹಿಡಿಯಿತು. ಹಳೆಯ ಫ್ಲ್ಯಾಶ್ ಇಟ್ಟುಕೊಂಡವರು ನಡುವೆ ಒಂದು ಅಡಾಪ್ಟರ್ ಹಾಕಿಕೊಳ್ಳಬೇಕಾಯಿತು. ಕ್ಯಾನನ್ 2021ರಲ್ಲಿ ಇಒಎಸ್ ಆರ್3ರೊಂದಿಗೆ ತಂದ ಹೊಸ ಬಹುಬಳಕೆಯ ಶೂಗೆಂದೇ ಹುಟ್ಟಿದ ಎಸ್‌ಟಿ-ಇ10 ಟ್ರಾನ್ಸ್‌ಮಿಟರ್, ಅದೇ ಕಂಪನಿಯ ಹಳೆಯ ಕ್ಯಾಮೆರಾಗಳ ಮೇಲೆ ನಡೆಯುವುದಿಲ್ಲ.

ಎರಡನೆಯದು ಕಿಡಿ. ನಡುವಿನ ಪಿನ್ ಮುಟ್ಟಿದರೆ ಟ್ರಿಗರ್ ಎಚ್ಚರಾಗಬೇಕು. ಇಲ್ಲಿ ಎರಡು ಹೊಂಡಗಳಿವೆ. ಹಳೆಯ ಫ್ಲ್ಯಾಶುಗಳ ತಂತಿಯಲ್ಲಿ ನಿಂತಿರುವ ವೋಲ್ಟೇಜ್ ಮೊದಲನೆಯದು. 1970ರ ದಶಕದ ಜನಪ್ರಿಯ ವಿವಿಟಾರ್ 283ರ ಆರಂಭದ ತಂಡಗಳಲ್ಲಿ ಅದು 200 ವೋಲ್ಟ್ ದಾಟುತ್ತಿತ್ತು. ಕ್ಯಾಮೆರಾ ಕನಿಷ್ಠ 24 ವೋಲ್ಟ್ ತಡೆಯಬೇಕು ಎನ್ನುತ್ತದೆ ಮಾನದಂಡ. ಟ್ರಂಕಿನಿಂದ ತೆಗೆದ ಅಪ್ಪನ ಕಾಲದ ಫ್ಲ್ಯಾಶನ್ನು ಕ್ಯಾಮೆರಾದ ಮೇಲೆ ನೇರ ಕೂರಿಸುವ ಮುಂಚೆ ಮಲ್ಟಿಮೀಟರ್ ಇಟ್ಟು ನೋಡಬೇಕಾದದ್ದು ಇದಕ್ಕೇ. ರೇಡಿಯೊ ಟ್ರಿಗರ್ ಹಾಕಿದರೆ ಕ್ಯಾಮೆರಾಗೂ ಫ್ಲ್ಯಾಶಿಗೂ ವಿದ್ಯುತ್ ಸಂಬಂಧವೇ ಕಡಿಯುತ್ತದೆ. ಆಗ ಏಟು ತಿನ್ನುವುದು ರಿಸೀವರ್, ಅದರ ತಾಳಿಕೆಯೂ ಎಷ್ಟೆಂದು ಕೇಳಿಕೊಳ್ಳಬೇಕು.

ಎರಡನೇ ಹೊಂಡ ಹೊಸದು. ನಮ್ಮಲ್ಲಿ ಕಲಿಯುವವರು ಹೆಚ್ಚಾಗಿ ಕೊಳ್ಳುವ ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2 ಕ್ಯಾಮೆರಾಗಳ ಶೂನಲ್ಲಿ ನಡುವಿನ ಪಿನ್ನೇ ಇಲ್ಲ. ಅಕ್ಕಪಕ್ಕದ ಡಿಜಿಟಲ್ ಪಿನ್ನುಗಳು ಮಾತ್ರ ಇವೆ. ‘ಯಾವ ಕ್ಯಾಮೆರಾಗಾದರೂ ನಡೆಯುತ್ತದೆ’ ಎಂದು ಮಾರುವ ಒಂಟಿ ಪಿನ್ನಿನ ಟ್ರಿಗರ್ ಇವುಗಳ ಮೇಲೆ ಕಲ್ಲಿನ ಹಾಗೆ ಕೂತಿರುತ್ತದೆ. ಕ್ಯಾನನ್ ಭಾಷೆ ಬಲ್ಲ, ಈ ಮಾಡೆಲ್‌ಗಳನ್ನು ಗುರುತಿಸಬಲ್ಲ ಟ್ರಾನ್ಸ್‌ಮಿಟರೇ ಬೇಕು. ಎಲ್ಲರೂ ಒಪ್ಪಿದ್ದ ಒಂದೇ ಒಂದು ಪದವನ್ನೂ ನಿಘಂಟಿನಿಂದ ತೆಗೆದ ಹಾಗಾಯಿತು.

ಮೂರನೆಯದು ಮಾತು. ಟಿಟಿಎಲ್ ಬೇಕೆಂದರೆ, ಕ್ಯಾಮೆರಾ ಹಿಂದಿನಿಂದಲೇ ಫ್ಲ್ಯಾಶಿನ ಶಕ್ತಿ ಏರಿಳಿಸಬೇಕೆಂದರೆ, ಟ್ರಾನ್ಸ್‌ಮಿಟರಿಗೆ ಆ ಕಂಪನಿಯ ಭಾಷೆ ಬರಬೇಕು. ಎಚ್‌ಎಸ್‌ಎಸ್ ಎಂಬ ಹೈ ಸ್ಪೀಡ್ ಸಿಂಕ್ ಕೂಡ ಇಲ್ಲಿಯದೇ. ಸಾಮಾನ್ಯ ಕ್ಯಾಮೆರಾದಲ್ಲಿ 1/200 ಅಥವಾ 1/250 ಸೆಕೆಂಡಿನ ಆಚೆ ಶಟರಿನ ಎರಡು ಪರದೆಗಳ ನಡುವೆ ಪೂರ್ತಿ ತೆರವು ಇರುವುದೇ ಇಲ್ಲ. ಒಂದು ಸೀಳು ಮಾತ್ರ ಸೆನ್ಸರಿನ ಮೇಲೆ ಸರಿದು ಹೋಗುತ್ತದೆ. ಆ ಸೀಳು ಸರಿಯುವಷ್ಟು ಹೊತ್ತೂ ಫ್ಲ್ಯಾಶ್ ಬಿಡದೆ ಮಿಣುಕುತ್ತಿರಬೇಕು. ಹಾಗೆ ಮಿಣುಕು ಎಂದು ಅದಕ್ಕೆ ಮೊದಲೇ ಹೇಳಿರಬೇಕು. ಹಾಗೆ ಹೇಳಲು ಒಂಟಿ ಪಿನ್ನಿಗೆ ಬಾಯಿಲ್ಲ.

ನಾಲ್ಕನೆಯದು ಅಲೆ. ಟ್ರಾನ್ಸ್‌ಮಿಟರ್ ಗಾಳಿಗೆ ಬಿಟ್ಟದ್ದು ರಿಸೀವರಿಗೆ ತಿಳಿಯಬೇಕು. ಅತಿ ಹೆಚ್ಚು ದುಡ್ಡು ಪೋಲಾಗುವುದು ಈ ಮೆಟ್ಟಿಲಿನಲ್ಲಿ. ‘ಎರಡೂ 2.4 ಗಿಗಾಹರ್ಟ್ಸ್ ತಾನೆ, ಕೆಲಸ ಮಾಡಲೇಬೇಕಲ್ಲ?’ ಎನ್ನುತ್ತಾರೆ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಎಲ್ಲರ ಮಾತೂ ಒಂದೇ ಗಾಳಿಯಲ್ಲಿ ತೇಲುತ್ತದೆ. ಹಾಗೆಂದು ತುಳು ಬಾರದವನಿಗೆ ತುಳು ತಿಳಿದೀತೆ? ತರಂಗಾಂತರ ಒಂದೇ ಇದ್ದರೂ ಸಂಕೇತ ಬೇರೆ ಇದ್ದರೆ ಅಪರಿಚಿತರೇ. ಅದರ ಮೇಲೆ ಚಾನೆಲ್, ಗ್ರೂಪ್, ಐಡಿ ಎಂಬ ಬೀಗಗಳು ಬೇರೆ ಇವೆ.

‘ಬರೀ ಕಿಡಿ ಸಾಕು’ ಎನ್ನುವವರು

ಮೊದಲನೇ ಪಂಥ ಎರಡನೇ ಮೆಟ್ಟಿಲಿನಲ್ಲೇ ನಿಲ್ಲುತ್ತದೆ. ಟಿಟಿಎಲ್ ಬೇಡ, ಮಾತುಕತೆ ಬೇಡ, ‘ಹೊಡಿ’ ಎಂಬ ಸಂದೇಶ ತಲುಪಿದರೆ ಸಾಕು. ಫ್ಲ್ಯಾಶಿನ ಶಕ್ತಿಯನ್ನು ಕೈಯಿಂದಲೇ ಇಡುತ್ತೇವೆ.

ಇವರ ವಾದದ ಹಿಂದೆ ಭೌತಶಾಸ್ತ್ರವಿದೆ. ಫ್ಲ್ಯಾಶಿಗೂ ಮುಖಕ್ಕೂ ನಡುವಿನ ದೂರ ಬದಲಾಗದಿದ್ದರೆ ಬೆಳಕೂ ಬದಲಾಗುವುದಿಲ್ಲ. ಧಾರೆಮಂಟಪದಲ್ಲಿ ವಧೂವರರು ಕೂತ ಜಾಗ ಗೊತ್ತು, ಸ್ಟ್ಯಾಂಡಿನ ಜಾಗ ಗೊತ್ತು. ಒಮ್ಮೆ ಅಳೆದಿಟ್ಟರೆ ನೂರು ಚಿತ್ರಕ್ಕೂ ಒಂದೇ ಬೆಳಕು. ಟಿಟಿಎಲ್ ಆದರೆ ವರನ ಬಿಳಿ ಪಂಚೆ ಚೌಕಟ್ಟಿಗೆ ಬಂದಾಗ ಬೆಳಕು ತಗ್ಗಿಸುತ್ತದೆ, ಕಪ್ಪು ಕೋಟಿನ ನೆಂಟ ಅಡ್ಡ ಬಂದಾಗ ಏರಿಸುತ್ತದೆ. ಆಲ್ಬಂ ಮಾಡುವವನಿಗೆ ಪ್ರತಿ ಚಿತ್ರದ ಬಣ್ಣ ಸರಿಮಾಡುವ ತಲೆನೋವು.

ಈ ಪಂಥದ ಇನ್ನೊಂದು ಬಲ, ಕೆಡಲು ಅವಕಾಶ ಕಡಿಮೆ. ಹೊಸ ಕ್ಯಾಮೆರಾ ಬಂದರೆ ಫರ್ಮ್‌ವೇರ್ ಹುಡುಕಬೇಕಿಲ್ಲ. 2010ರ ಆಸುಪಾಸಿನಲ್ಲಿ ಎಲ್ಲರ ಬ್ಯಾಗಿನಲ್ಲೂ ಕಂಡ ಯಾಂಗ್‌ನುವೋ ಆರ್‌ಎಫ್-602ರ ಗುಟ್ಟು ಇದೇ. ಮುಂದೆ ವೈಎನ್560-3 ಫ್ಲ್ಯಾಶಿನೊಳಗೇ ರಿಸೀವರ್ ಬಂತು. ವೈಎನ್560-ಟಿಎಕ್ಸ್ ಬಂದ ಮೇಲೆ ಕೂತಲ್ಲಿಂದಲೇ ಶಕ್ತಿ ಏರಿಳಿಸುವುದೂ ಸಾಧ್ಯವಾಯಿತು.

ಸೋಲುವುದು ಚಲನೆಯಲ್ಲಿ. ಮೆರವಣಿಗೆಯ ಜೊತೆ ಹುಡುಗ ಕೋಲಿಗೆ ಫ್ಲ್ಯಾಶ್ ಕಟ್ಟಿಕೊಂಡು ಓಡುವಾಗ ದೂರ ಪ್ರತಿ ಕ್ಷಣ ಬದಲಾಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಹಿನ್ನೆಲೆ ಮಸುಕಾಗಿಸಲು ದೊಡ್ಡ ಅಪರ್ಚರ್ ಬೇಕೆಂದರೆ 1/2000 ಸೆಕೆಂಡಿಗೆ ಹೋಗಬೇಕು, ಅಲ್ಲಿ ಎಚ್‌ಎಸ್‌ಎಸ್ ಇಲ್ಲದೆ ಗತಿಯಿಲ್ಲ. ಅಗ್ಗದ ಟ್ರಿಗರ್‌ಗಳ ತಡವೂ ಕಾಡುತ್ತದೆ. ಸಂದೇಶ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ತಡವಾದರೂ ಸಾಕು, 1/250ರಲ್ಲಿ ಚಿತ್ರದ ಅಂಚಿಗೆ ಕರಿಪಟ್ಟಿ ಬೀಳುತ್ತದೆ. ಹೊಸ ಟ್ರಿಗರ್ ಕೈಗೆ ಬಂದ ದಿನ ಬಿಳಿ ಗೋಡೆಗೆ ಫ್ಲ್ಯಾಶ್ ಹೊಡೆದು 1/160, 1/200, 1/250 ಹೀಗೆ ಏರಿಸುತ್ತಾ ಹೋದರೆ ಪಟ್ಟಿ ಎಲ್ಲಿ ಶುರುವಾಗುತ್ತದೆಂದು ಗೊತ್ತಾಗುತ್ತದೆ. ಅದರ ಕೆಳಗಿನದೇ ನಿಮ್ಮ ನಿಜವಾದ ಸಿಂಕ್ ವೇಗ, ಕ್ಯಾಮೆರಾದ ಪುಸ್ತಕ ಏನೇ ಹೇಳಲಿ.

ಒಂದೇ ಮನೆಯವರು

ಎರಡನೇ ಪಂಥದ ಸೂತ್ರ ಸರಳ. ಯಾವ ಕಂಪನಿಯ ಕ್ಯಾಮೆರಾನೋ ಅದೇ ಕಂಪನಿಯ ಫ್ಲ್ಯಾಶ್, ಅದೇ ಕಂಪನಿಯ ಟ್ರಾನ್ಸ್‌ಮಿಟರ್. ಖಾಸಗಿ ಭಾಷೆ ಬರೆದವನೇ ಅದನ್ನು ತಪ್ಪಿಲ್ಲದೆ ಮಾತಾಡುತ್ತಾನೆ ಎಂಬುದು ಇವರ ತರ್ಕ. ಕ್ಯಾಮೆರಾದ ಮೆನುವಿನೊಳಗಿಂದಲೇ ಫ್ಲ್ಯಾಶನ್ನು ಆಳಬಹುದು. ತಪ್ಪಾದರೆ ಒಬ್ಬನನ್ನೇ ಕೇಳಿದರೆ ಸಾಕು. ‘ನಮ್ಮದರಲ್ಲಿ ದೋಷವಿಲ್ಲ, ಅವರನ್ನು ಕೇಳಿ’ ಎಂದು ಇಬ್ಬರೂ ಕೈತೊಳೆದುಕೊಳ್ಳುವ ಆಟ ಇಲ್ಲ.

ಆದರೆ ಒಂದೇ ಮನೆಯಲ್ಲೂ ಗೋಡೆಗಳೆದ್ದಿವೆ. ಕ್ಯಾನನ್ನಿನ 2012ರ ರೇಡಿಯೊ ವ್ಯವಸ್ಥೆಗೂ ಅದರ ಹಿಂದಿನ ಬೆಳಕಿನ ವ್ಯವಸ್ಥೆಗೂ ನೇರ ಮಾತಿಲ್ಲ. ಎಸ್‌ಟಿ-ಇ3-ಆರ್‌ಟಿ ಟ್ರಾನ್ಸ್‌ಮಿಟರ್ ರೇಡಿಯೊ ಬಲ್ಲದು, ಹಳೆಯ 580ಇಎಕ್ಸ್‌ಗೆ ರೇಡಿಯೊ ಕಿವಿಯಿಲ್ಲ. 2012ಕ್ಕೂ ಹಿಂದಿನ ಕ್ಯಾಮೆರಾಗಳಲ್ಲಿ ರೇಡಿಯೊ ಬಳಸಿದರೆ ಸಿಂಕ್ ವೇಗವನ್ನೇ ಒಂದು ಮೆಟ್ಟಿಲು ತಗ್ಗಿಸಿಕೊಳ್ಳಬೇಕು. ನಿಕಾನ್ ಬಳಗದಲ್ಲೂ ಎಸ್‌ಬಿ-800ನ್ನು ನೆಚ್ಚಿಕೊಂಡವರಿಗೆ ಎಸ್‌ಬಿ-5000ದ ರೇಡಿಯೊ ಸಿಗುವುದಿಲ್ಲ. ಸೋನಿಯ ಶೂ ಕಥೆ ಆಗಲೇ ಹೇಳಿದೆ. ಒಂದೇ ಮನೆ ಎಂದರೆ ಒಂದೇ ಕಾಲದ ಒಂದೇ ಮನೆ ಎಂದು ಓದಿಕೊಳ್ಳಬೇಕು.

ಇನ್ನೊಂದು ಸಂಗತಿಯೂ ಇದೆ. ಕ್ಯಾಮೆರಾ ಬದಲಿಸಿದ ದಿನ ಫ್ಲ್ಯಾಶ್, ಟ್ರಿಗರ್ ಎಲ್ಲವನ್ನೂ ಮಾರಬೇಕು. ನಮ್ಮ ಮದುವೆ ಫೋಟೋಗ್ರಾಫರ್‌ಗಳಲ್ಲಿ ಎಷ್ಟೋ ಮಂದಿ ಡಿಎಸ್‌ಎಲ್‌ಆರ್ ಬಿಟ್ಟು ಬೇರೆ ಕಂಪನಿಯ ಮಿರರ್‌ಲೆಸ್‌ಗೆ ಹೋದಾಗ ಈ ಲೆಕ್ಕದ ಬಿಸಿ ತಟ್ಟಿತು.

ಹೊರಗಿನ ಒಂದು ಮನೆ

ಮೂರನೇ ಪಂಥ ಇಂದು ಬಹುಸಂಖ್ಯಾತ. ಕ್ಯಾಮೆರಾ ಕಂಪನಿಯ ಮನೆ ಬಿಟ್ಟು, ಬೆಳಕಿನ ಕಂಪನಿಯ ಮನೆಗೆ ಸೇರಿಕೊಳ್ಳಿ ಎನ್ನುತ್ತದೆ. ಸ್ವೀಡನ್ನಿನ ಪ್ರೊಫೋಟೋ, ಸ್ವಿಟ್ಜರ್ಲೆಂಡಿನ ಎಲಿಂಕ್ರೋಮ್ ಸ್ಟುಡಿಯೊ ದೀಪಗಳಲ್ಲಿ ಇದನ್ನು ಮಾಡಿದ್ದವು. ಗೊಡಾಕ್ಸ್ ಅದನ್ನು ಅಂಗೈಯಗಲದ ಫ್ಲ್ಯಾಶಿನಿಂದ ದೊಡ್ಡ ದೀಪದವರೆಗೆ ಒಂದೇ ದಾರದಲ್ಲಿ ಪೋಣಿಸಿತು.

ಇದರ ಜಾಣ್ಮೆ ಇರುವುದು ಮೆಟ್ಟಿಲುಗಳನ್ನು ಬೇರ್ಪಡಿಸಿದ್ದರಲ್ಲಿ. ಕಾಲು, ಕಿಡಿ, ಮಾತು ಈ ಮೂರೂ ಟ್ರಾನ್ಸ್‌ಮಿಟರಿನ ಹೊಣೆ. ಆದ್ದರಿಂದ ಅದು ಕ್ಯಾಮೆರಾಗೆ ತಕ್ಕದ್ದೇ ಆಗಿರಬೇಕು. ಹೆಸರಿನ ಕೊನೆಯಲ್ಲಿ ಕ್ಯಾನನ್‌ಗೆ ‘ಸಿ’, ನಿಕಾನ್‌ಗೆ ‘ಎನ್’, ಸೋನಿಗೆ ‘ಎಸ್’, ಫ್ಯೂಜಿಗೆ ‘ಎಫ್’. ಅಲೆ ಮಾತ್ರ ಎಲ್ಲಕ್ಕೂ ಒಂದೇ. ಹಾಗಾಗಿ ಕ್ಯಾನನ್‌ಗೆಂದು ಕೊಂಡ ಫ್ಲ್ಯಾಶ್ ಸ್ಟ್ಯಾಂಡಿನ ಮೇಲೆ ನಿಂತಾಗ ಸೋನಿಯ ಟ್ರಾನ್ಸ್‌ಮಿಟರ್ ಹೇಳಿದ್ದನ್ನೂ ಕೇಳುತ್ತದೆ. ಕ್ಯಾಮೆರಾದ ಮೇಲೆ ನೇರ ಕೂರಿಸಿದರೆ ಮಾತ್ರ ಅದರ ಜಾತಿ ಮುಖ್ಯವಾಗುತ್ತದೆ. ಒಂದೇ ತಂಡದಲ್ಲಿ ಒಬ್ಬ ನಿಕಾನ್, ಇನ್ನೊಬ್ಬ ಸೋನಿ ಹಿಡಿದಿದ್ದರೂ ದೀಪಗಳನ್ನು ಹಂಚಿಕೊಳ್ಳಬಹುದು. ಕ್ಯಾಮೆರಾ ಬದಲಾದರೆ ಟ್ರಾನ್ಸ್‌ಮಿಟರ್ ಒಂದನ್ನು ಬದಲಿಸಿದರೆ ಆಯಿತು.

ಈ ಮನೆಯ ತಳಪಾಯದಲ್ಲಿ ಒಂದು ಬಿರುಕಿದೆ. ಕ್ಯಾಮೆರಾ ಕಂಪನಿಗಳ ಭಾಷೆಯನ್ನು ಹೊರಗಿನವರು ಬಹುತೇಕ ಕದ್ದು ಕೇಳಿ ಕಲಿಯುತ್ತಾರೆ. ಹೊಸ ಮಾಡೆಲ್ ಬಂದು ಉಚ್ಚಾರ ಚೂರು ಬದಲಾದರೆ ಟ್ರಿಗರ್ ತೊದಲುತ್ತದೆ. ಆಮೇಲೆ ಫರ್ಮ್‌ವೇರ್ ಬರುವವರೆಗೆ ಕಾಯಬೇಕು. ಗೊಡಾಕ್ಸ್‌ನೊಳಗೂ 433 ಮೆಗಾಹರ್ಟ್ಸ್‌ನ ಹಳೆಯ ಎಫ್‌ಟಿ-16 ಪೀಳಿಗೆ, 2.4 ಗಿಗಾಹರ್ಟ್ಸ್‌ನ ಎಕ್ಸ್ ಪೀಳಿಗೆ ಎಂದು ಎರಡು ಕವಲುಗಳಿದ್ದವು. ಹಳೆಯ ದೀಪ ಸೆಕೆಂಡ್‌ಹ್ಯಾಂಡಿನಲ್ಲಿ ಕೊಳ್ಳುವವರು ಅದನ್ನು ಕೇಳಿಯೇ ಕೊಳ್ಳಬೇಕು. ಇನ್ನೊಂದೆಡೆ ಅಮೆರಿಕದ ‘ಫ್ಲ್ಯಾಶ್‌ಪಾಯಿಂಟ್ ಆರ್2’ ಎಂಬುದು ಹೆಸರು ಬದಲಿಸಿದ ಗೊಡಾಕ್ಸೇ, ಅವೆರಡೂ ಸರಾಗ ಮಾತಾಡುತ್ತವೆ. ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಒಳಗಿನ ಸಂಕೇತ ಮುಖ್ಯ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ದುಭಾಷಿಗಳು

ನಾಲ್ಕನೇ ಪಂಥ ಯಾವ ಮನೆಗೂ ಸೇರದೆ ನಡುವೆ ನಿಲ್ಲುತ್ತದೆ. ಇರುವ ಫ್ಲ್ಯಾಶುಗಳನ್ನೇ ಇಟ್ಟುಕೊಳ್ಳಿ, ಅನುವಾದ ನಾವು ಮಾಡುತ್ತೇವೆ ಎನ್ನುತ್ತದೆ. ರೇಡಿಯೊಪಾಪರ್ ಎಂಬ ಅಮೆರಿಕದ ಪೆಟ್ಟಿಗೆ ಬೆಳಕಿನ ಮಿಣುಕನ್ನು ರೇಡಿಯೊಗೆ ತಿರುಗಿಸಿ, ಆ ತುದಿಯಲ್ಲಿ ಮತ್ತೆ ಮಿಣುಕಾಗಿಸಿ ಕೊಡುತ್ತಿತ್ತು. ಪಾಕೆಟ್‌ವಿಜಾರ್ಡ್ 2009ರಲ್ಲಿ ತಂದ ಮಿನಿ ಟಿಟಿ1, ಫ್ಲೆಕ್ಸ್ ಟಿಟಿ5 ಜೋಡಿ ಕಂಪನಿಯ ಮಾತನ್ನೇ ರೇಡಿಯೊದಲ್ಲಿ ಸಾಗಿಸಿತು. ಹಾಂಕಾಂಗ್ ಮೂಲದ ಕ್ಯಾಕ್ಟಸ್‌ನ ವಿ6, ಒಂದು ಕಂಪನಿಯ ಕ್ಯಾಮೆರಾದಿಂದ ಇನ್ನೊಂದು ಕಂಪನಿಯ ಫ್ಲ್ಯಾಶಿನ ಶಕ್ತಿಯನ್ನು ಆಳಿ ತೋರಿಸಿತು.

ಈ ದಾರಿ ಅತ್ಯಂತ ಉದಾರವಾದದ್ದು, ಅತ್ಯಂತ ನಾಜೂಕಾದದ್ದೂ ಹೌದು. ಎರಡು ಕಡೆಯ ಭಾಷೆ ಬದಲಾದಾಗಲೂ ದುಭಾಷಿ ಓಡಿ ಓಡಿ ಕಲಿಯಬೇಕು. ಪಾಕೆಟ್‌ವಿಜಾರ್ಡ್ ಪ್ರಸಂಗದಲ್ಲಿ ಯಾರೂ ನೆನೆಸದ ತೊಡಕೊಂದು ಎದುರಾಯಿತು. ಅಮೆರಿಕದ ಆವೃತ್ತಿ 340ರಿಂದ 354 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತಿತ್ತು. ಕ್ಯಾನನ್ನಿನ ಕೆಲವು ಫ್ಲ್ಯಾಶುಗಳ ಒಳಗಿನ ಸರ್ಕ್ಯೂಟ್ ಅದೇ ಪಟ್ಟಿಯಲ್ಲಿ ರೇಡಿಯೊ ಗದ್ದಲ ಎಬ್ಬಿಸುತ್ತಿತ್ತು. ರಿಸೀವರ್ ಕೂತಿರುವುದೇ ಗದ್ದಲ ಮಾಡುವವನ ಕಾಲಡಿ. ಕೊನೆಗೆ ಫ್ಲ್ಯಾಶಿಗೆ ತೊಡಿಸುವ ರೇಡಿಯೊ ತಡೆಯ ಬಟ್ಟೆಯ ಚೀಲವನ್ನೇ ಪಾಕೆಟ್‌ವಿಜಾರ್ಡ್ ತರಬೇಕಾಯಿತು. ಕಾಲು, ಕಿಡಿ, ಮಾತು, ಅಲೆ ನಾಲ್ಕೂ ಕೂಡಿಬಂದರೂ ಪಕ್ಕದವನ ಗದ್ದಲ ಕೆಲಸ ಕೆಡಿಸಬಲ್ಲದು ಎಂಬ ಪಾಠ ಅದು. ಯುರೋಪಿನ ಆವೃತ್ತಿ 433 ಮೆಗಾಹರ್ಟ್ಸ್‌ನಲ್ಲಿತ್ತು. ಎರಡು ದೇಶದಿಂದ ಒಂದೊಂದು ತರಿಸಿಕೊಂಡರೆ ಅವು ಪರಸ್ಪರ ಮೂಗರು.

ಅನುವಾದದ ಬದಲು ನಕಲಿನ ದಾರಿಯೂ ಒಂದಿದೆ. ಯಾಂಗ್‌ನುವೋದ ವೈಎನ್-ಇ3-ಆರ್‌ಟಿ, ಕ್ಯಾನನ್ನಿನ ರೇಡಿಯೊ ಭಾಷೆಯನ್ನೇ ಕಲಿತು ಕ್ಯಾನನ್ ಫ್ಲ್ಯಾಶುಗಳ ಜೊತೆ ಅದರಲ್ಲೇ ಮಾತಾಡಿತು. ಹೊಂದಾಣಿಕೆ ಸಿಕ್ಕಿತು, ಆದರೆ ನಾಳೆಯ ಖಾತರಿ ಯಾರೂ ಕೊಡಲಿಲ್ಲ.

ಅಲೆಯ ಮೇಲಿನ ನೂಕುನುಗ್ಗಲು

ಇಂದು ಬಹುತೇಕ ಎಲ್ಲರೂ 2.4 ಗಿಗಾಹರ್ಟ್ಸ್‌ಗೆ ಬಂದು ಸೇರಿದ್ದಕ್ಕೆ ಕಾರಣ, ಹೆಚ್ಚಿನ ದೇಶಗಳಲ್ಲಿ ಅದಕ್ಕೆ ಲೈಸೆನ್ಸ್ ಬೇಡ. ಭಾರತದಲ್ಲೂ 2005ರಿಂದ ಕಡಿಮೆ ಶಕ್ತಿಯ ಉಪಕರಣಗಳಿಗೆ ಆ ಪಟ್ಟಿ ಮುಕ್ತ. ಮುಕ್ತವಾದದ್ದರಿಂದಲೇ ವೈಫೈ, ಬ್ಲೂಟೂತ್ ಕೂಡ ಅಲ್ಲೇ ಇವೆ. ಸಾವಿರ ಜನ ಸೇರಿದ ಮದುವೆ ಮನೆಯಲ್ಲಿ ಸಾವಿರ ಮೊಬೈಲು. ಆ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ನೀರು ತುಂಬಿದ ಮನುಷ್ಯನ ಮೈ ಅದನ್ನು ಚೆನ್ನಾಗಿಯೇ ಹೀರುತ್ತದೆ. ಖಾಲಿ ಮಂಟಪದಲ್ಲಿ ಬೆಳಿಗ್ಗೆ ಪರೀಕ್ಷೆ ಮಾಡಿದಾಗ ಹೊಡೆದ ಫ್ಲ್ಯಾಶ್ ಮುಹೂರ್ತಕ್ಕೆ ಮೊಂಡು ಹಿಡಿಯುವುದು ಇದಕ್ಕೇ. ಸ್ಟ್ಯಾಂಡನ್ನು ನೆಂಟರ ತಲೆಗಿಂತ ಮೇಲೆ ಏರಿಸಿದರೆ ಎಷ್ಟೋ ಸಲ ಅಷ್ಟೇ ಮದ್ದು.

ತೀರಾ ಹತ್ತಿರವಿದ್ದರೂ ತೊಂದರೆ. ಪಕ್ಕದಲ್ಲೇ ಕೂಗಿದರೆ ಕಿವಿ ಗುಂಯ್‌ಗುಟ್ಟುವ ಹಾಗೆ ರಿಸೀವರ್ ಕಂಗೆಡುತ್ತದೆ. ಗೊಡಾಕ್ಸಿನ ಟ್ರಾನ್ಸ್‌ಮಿಟರ್ ಮೆನುವಿನಲ್ಲಿ 0ರಿಂದ 30 ಮೀಟರ್, 1ರಿಂದ 100 ಮೀಟರ್ ಎಂಬ ಎರಡು ಆಯ್ಕೆ ಇಟ್ಟಿರುವುದು ಸುಮ್ಮನೆ ಅಲ್ಲ. ಅದರಲ್ಲೇ 32 ಚಾನೆಲ್‌ಗಳಿವೆ, 1ರಿಂದ 99ರವರೆಗೆ ಐಡಿ ಇದೆ, ಗದ್ದಲವಿಲ್ಲದ ಚಾನೆಲ್ ಹುಡುಕುವ ಸ್ಕ್ಯಾನ್ ಇದೆ. ಇಷ್ಟೆಲ್ಲ ಇದ್ದೂ ಹೆಚ್ಚಿನವರು ಒಂದನೇ ಚಾನೆಲ್ ಬಿಟ್ಟು ಕದಲುವುದಿಲ್ಲ.

ಕೊಳ್ಳುವ ಮುಂಚೆ

ನಾಲ್ಕು ಪಂಥಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಪ್ರತಿಯೊಂದೂ ಒಂದು ಬಗೆಯ ಕೆಲಸವನ್ನು ಚೆನ್ನಾಗಿ ವಿವರಿಸುತ್ತದೆ. ಸ್ಟುಡಿಯೊದಲ್ಲಿ ಒಡವೆಯನ್ನೋ ಪಾಸ್‌ಪೋರ್ಟ್ ಚಿತ್ರವನ್ನೋ ತೆಗೆಯುವವರಿಗೆ ಬರೀ ಕಿಡಿ ಧಾರಾಳ ಸಾಕು. ಒಂದೇ ಕ್ಯಾಮೆರಾ ಕಂಪನಿಗೆ ಅಂಟಿಕೊಂಡಿರುವ, ಒಂದು ಕ್ಷಣವೂ ತಪ್ಪಬಾರದ ಪತ್ರಿಕಾ ಛಾಯಾಗ್ರಾಹಕರಿಗೆ ಒಂದೇ ಮನೆ ನೆಮ್ಮದಿ. ಎರಡು ಮೂರು ಬಗೆಯ ಕ್ಯಾಮೆರಾ, ಬಾಡಿಗೆಗೆ ತರುವ ದೀಪ, ಬದಲಾಗುವ ತಂಡ ಇರುವ ಮದುವೆ ಕೆಲಸಕ್ಕೆ ಹೊರಗಿನ ಮನೆಯೇ ಲಾಭ. ಒಳ್ಳೆಯ ಹಳೆಯ ಫ್ಲ್ಯಾಶುಗಳ ರಾಶಿ ಇಟ್ಟುಕೊಂಡವರಿಗೆ ದುಭಾಷಿ.

ಹಾಗಾಗಿ ಪ್ರಶ್ನೆಯ ಸರದಿ ಬದಲಿಸಬೇಕು. ‘ಯಾವ ಟ್ರಿಗರ್?’ ಎಂಬುದು ಕೊನೆಯ ಪ್ರಶ್ನೆ. ಮುಂದಿನ ಐದು ವರ್ಷ ಯಾರ ಭಾಷೆಯಲ್ಲಿ ಬದುಕುತ್ತೇನೆ ಎಂಬುದು ಮೊದಲನೆಯದು. ಅದು ತೀರ್ಮಾನವಾದರೆ ಡಬ್ಬಿಯ ಮೇಲಿನ ಮಾಡೆಲ್ ನಂಬರು ತಾನಾಗಿ ಗೊತ್ತಾಗುತ್ತದೆ. ಜೊತೆಗೆ ಮೂರು ಸಣ್ಣ ಎಚ್ಚರಗಳು. ಕ್ಯಾಮೆರಾವನ್ನು ಕೈಯಲ್ಲೇ ಅಂಗಡಿಗೆ ಒಯ್ದು ಶೂನ ನಡುವಿನ ಪಿನ್ ಇದೆಯೇ ನೋಡಿ. ಟ್ರಾನ್ಸ್‌ಮಿಟರಿನ ಕೊನೆಯ ಅಕ್ಷರ ನಿಮ್ಮ ಕ್ಯಾಮೆರಾದ್ದೇ ಎಂದು ಎರಡು ಸಲ ಓದಿ. ಸೆಕೆಂಡ್‌ಹ್ಯಾಂಡ್ ಆದರೆ ತರಂಗಾಂತರ ಎಷ್ಟು, ಯಾವ ದೇಶದ ಆವೃತ್ತಿ ಎಂದು ಕೇಳಿ.

ಇನ್ನೂ ಇತ್ಯರ್ಥವಾಗದ್ದು

ಈ ಲೋಕಕ್ಕೆ ಒಂದು ಸಾಮಾನ್ಯ ಭಾಷೆ ಬಂದೀತೆ ಎಂಬುದು ಮೊದಲ ಪ್ರಶ್ನೆ. ಬೋವೆನ್ಸ್ ಎಂಬ ಬ್ರಿಟಿಷ್ ದೀಪದ ಕಂಪನಿ 2017ರಲ್ಲಿ ಮುಚ್ಚಿತು. ಆದರೆ ಸಾಫ್ಟ್‌ಬಾಕ್ಸ್ ಸಿಕ್ಕಿಸುವ ಅದರ ‘ಎಸ್ ಮೌಂಟ್’ ಲೋಕವೆಲ್ಲ ಬದುಕಿದೆ, ಗೊಡಾಕ್ಸೂ ಅದನ್ನೇ ಬಳಸುತ್ತದೆ. ಲೋಹದ ಬಳೆಯನ್ನು ನೋಡಿ ಯಾರು ಬೇಕಾದರೂ ಕಡೆದುಕೊಳ್ಳಬಹುದು. ಸಂಕೇತವನ್ನು ಹಾಗೆ ನೋಡಿ ಕಲಿಯುವುದು ಕಷ್ಟ, ಬಚ್ಚಿಡುವುದು ಸುಲಭ. ಟಿಟಿಎಲ್‌ಗಾಗಲಿ ಫ್ಲ್ಯಾಶ್ ರೇಡಿಯೊಗಾಗಲಿ ಐಎಸ್‌ಒ 518ರಂಥ ಮಾನದಂಡ ಇಲ್ಲ. ಅದನ್ನು ತರುವ ಲಾಭ ಯಾರಿಗಿದೆ ಎಂಬುದೂ ಸ್ಪಷ್ಟವಿಲ್ಲ.

ಎರಡನೆಯದು, ಶೂ ಯಾರ ಸ್ವತ್ತು? ಕ್ಯಾಮೆರಾ ಕೊಂಡವನ ಕೈಯಲ್ಲಿ ನಡುವಿನ ಪಿನ್ ಉಳಿಯಬೇಕೆ, ಅಥವಾ ಅಗ್ಗದ ಕ್ಯಾಮೆರಾಗೆ ಅದು ಬೇಡದ ಖರ್ಚೆ? ಪಿನ್ ತೆಗೆದದ್ದು ಉಳಿತಾಯಕ್ಕೋ ಬೇಲಿ ಹಾಕಲಿಕ್ಕೋ ಎಂದು ಇಂದಿಗೂ ವಾದ ನಡೆದಿದೆ.

ಮೂರನೆಯದನ್ನು ಎತ್ತಿದ್ದು ಹೊಸ ಸೆನ್ಸರ್. 2023ರ ನವೆಂಬರಿನಲ್ಲಿ ಪ್ರಕಟವಾದ ಸೋನಿ ಎ9-3ರಲ್ಲಿ ಸರಿಯುವ ಪರದೆಯೇ ಇಲ್ಲ, ಇಡೀ ಸೆನ್ಸರ್ ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚುತ್ತದೆ. 1/80,000 ಸೆಕೆಂಡಿನವರೆಗೂ ಫ್ಲ್ಯಾಶ್ ಹೊಂದುತ್ತದೆ ಎನ್ನುತ್ತದೆ ಕಂಪನಿ. ಹಾಗಾದರೆ ಎಚ್‌ಎಸ್‌ಎಸ್ ಎಂಬ ಹಳೆಯ ಕಸರತ್ತು ಬೇಡ. ಆದರೆ ಅಷ್ಟು ಕಿರಿದಾದ ಕಿಂಡಿಗೆ ಬೆಳಕಿನ ತುದಿಯನ್ನು ತಂದು ನಿಲ್ಲಿಸುವಷ್ಟು ಕರಾರುವಾಕ್ಕಾದ ಟ್ರಿಗರ್ ಬೇಕು. ಮಿಲಿಸೆಕೆಂಡಿನ ಜಗಳ ಮೈಕ್ರೊಸೆಕೆಂಡಿಗೆ ಇಳಿಯಿತು, ಮುಗಿಯಲಿಲ್ಲ.

ನಾಲ್ಕನೆಯದು ನಮ್ಮ ಮಂಟಪದ್ದು. ಒಂದೇ ಮನೆಯ ಟ್ರಿಗರ್ ಎಲ್ಲರ ಕೈಗೂ ಬಂದ ಮೇಲೆ ಹೊಂದಾಣಿಕೆಯ ಸಮಸ್ಯೆ ಯಂತ್ರದಿಂದ ಮನುಷ್ಯರಿಗೆ ದಾಟಿದೆ. ಯಾರು ಯಾವ ಚಾನೆಲ್‌ನಲ್ಲಿರಬೇಕು ಎಂದು ಹೇಳುವ ಕಟ್ಟಳೆ ಎಲ್ಲೂ ಇಲ್ಲ. ಹಾಸನದ ಆ ದಿನದ ನಂತರ ಮಂಟಪಕ್ಕೆ ಕಾಲಿಟ್ಟ ಕೂಡಲೇ ಕಾಫಿ ಲೋಟ ಹಿಡಿದು ಇನ್ನೊಂದು ಕಡೆಯ ಫೋಟೋಗ್ರಾಫರನ್ನು ಹುಡುಕುತ್ತೇನೆ.

‘ಸಾರ್, ನಿಮ್ದು ಯಾವ ಚಾನೆಲ್ಲು?’

ಕೆಲವರು ನಕ್ಕು ನಂಬರು ಹೇಳುತ್ತಾರೆ. ಕೆಲವರು ಚಾನೆಲ್ ಅಂದರೆ ಟಿವಿಯದೇ ಎಂಬಂತೆ ನೋಡುತ್ತಾರೆ. ಕಳೆದ ತಿಂಗಳು ಒಬ್ಬರು, ‘ನಾನ್ಯಾಕೆ ಬದಲಿಸ್ಲಿ, ನೀವೇ ಬದಲಿಸ್ಕೊಳ್ಳಿ’ ಅಂದರು. ನಾನೇ ಹದಿನೇಳಕ್ಕೆ ಹೋದೆ. ಮುಹೂರ್ತ ಸರಿಯಾಗಿಯೇ ಬಂತು. ಮಧ್ಯಾಹ್ನ ಡ್ರೋನ್ ಹುಡುಗರ ಜೊತೆ ಮೂರನೇ ತಂಡವೊಂದು ಬಂದಿಳಿಯಿತು. ಅವರದು ಯಾವ ಚಾನೆಲ್ ಎಂದು ಕೇಳಲು ನನಗೆ ಪುರುಸೊತ್ತಾಗಲಿಲ್ಲ.